ಗೋಡೆಯವರೆಗೆ

ಅಂಗಡಿಯ ನೆಟಾ ಇವತ್ತೂ ನಿನಿಯನ್‌ನನ್ನು 'ಮಿಸ್ಟರ್ ಹ್ಯಾನೆ' ಎಂದೇ ಕರೆದಳು. ಬನ್ನಿನ ನಡುವೆ ಇಟ್ಟುಕೊಟ್ಟ ಸಾಸೇಜು ತಣ್ಣಗಿತ್ತು. ತನಗಿಂತ ಮುಂದೆ ನಿಂತಿದ್ದ ಹಾಲಿನ ಲಾರಿಯವನಿಗೆ ಹಬೆಯಾಡುವುದನ್ನೇ ಸುತ್ತಿಕೊಟ್ಟಿದ್ದನ್ನು ನಿನಿಯನ್ ಹ್ಯಾನೆ ಕಣ್ಣಾರೆ ಕಂಡಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಟ್ಟು ಕೊಲ್ಲುವವರಿಗೆ ಏನು ಹೇಳುವುದು? ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಅವನ ಶಾಯಿ ಕದಿಯುತ್ತಿದ್ದ ಹೆಂಗಸು ಇವಳು. ಎರಡು ವರ್ಷದ ಹಿಂದಿನವರೆಗೂ 'ಏನೋ ನಿನಿ' ಎನ್ನುತ್ತಿದ್ದಳು. "ಇನ್ನೇನಾದ್ರೂ ಬೇಕಿತ್ತಾ, ಮಿಸ್ಟರ್ ಹ್ಯಾನೆ?" ಎಂದಳು ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತ. "ಶನಿವಾರ ದೊಡ್ಡ ಗಾಳಿಯಂತೆ, ಐರ್ಲೆಂಡ್ ಕಡೆಯಿಂದ. ನಿಮಗೇನು ಬಿಡಿ, ಮರ ಕಡಿಯೋರು ನೀವು. ಹೆದರ್ಬೇಕಾದ್ದು ನಿಂತಿರೋರು." ಹಾಲಿನವನು ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ನಿನಿಯನ್‌ಗೆ ಗೊತ್ತಾಯಿತು. ಹಾಗಾದರೆ ಎಲ್ಲರಿಗೂ ಗೊತ್ತಿದೆ. ಡ್ರಮ್‌ಬ್ರೆಕ್ ಗುಡ್ಡದ ಮೇಲೆ ತಾನು ಎಲ್ಲಿಯವರೆಗೆ ಕಡಿಸುತ್ತೇನೆಂದು ಕಣಿವೆಯ ಪ್ರತಿಯೊಬ್ಬನೂ ಬೆರಳು ಮಡಚಿ ಕಾಯುತ್ತಿದ್ದಾನೆ. ತಾನು ಇನ್ನೂ ತೀರ್ಮಾನಿಸಿಯೇ ಇಲ್ಲ, ಆಗಲೇ ಇವರು ತೀರ್ಪು ಬರೆದಿಟ್ಟಿದ್ದಾರೆ. ಬನ್ನನ್ನು ಜೀಪಿನ ಸೀಟಿನ ಮೇಲೆ ಎಸೆದು ಹೊರಟ.

ಗುಡ್ಡದ ಬುಡದಿಂದಲೇ ಮರಗಳು ಶುರು. ಸಿಟ್ಕಾ ಸ್ಪ್ರೂಸ್ ಯಾರೂ ಪ್ರೀತಿಸದ ಮರ. ಅದರ ಸೂಜಿಯೆಲೆ ಕೈಗೆ ಚುಚ್ಚುತ್ತದೆ, ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಹಕ್ಕಿ ಕೂಡ ಒಳಗೆ ಹೋಗಲು ಹಿಂದೆಮುಂದೆ ನೋಡುತ್ತದೆ. ಸಾಲು ಸಾಲಾಗಿ ನಿಂತು, ಒಂದರ ಬೆಳಕನ್ನು ಇನ್ನೊಂದು ಕಸಿದುಕೊಂಡು, ಒಳಗೆಲ್ಲ ಕತ್ತಲೆ ಮಾಡಿಕೊಂಡು ಬೆಳೆಯುತ್ತದೆ. ಆದರೆ ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಮರದ ಮಿಲ್ಲಿನವರು ಬಾಗಿಲಿಗೆ ಬಂದು ಕೊಳ್ಳುತ್ತಾರೆ. ಗ್ಯಾಲೊವೇ ಸೀಮೆಯ ಈ ಜೌಗು ಗುಡ್ಡಗಳಲ್ಲಿ ಕುರಿ ಮೇಯಿಸಿದವರ ಮೊಮ್ಮಕ್ಕಳು ಇವತ್ತು ಅದೇ ಮರ ಸಾಗಿಸುವ ಲಾರಿ ಓಡಿಸಿ ಹೊಟ್ಟೆ ಹೊರೆಯುತ್ತಾರೆ, ಅದೇ ಬಾಯಲ್ಲಿ ಮರವನ್ನು ಬೈಯುತ್ತಾರೆ. ಬೈಯಲಿ. ಈ ಗುಡ್ಡವನ್ನು ಉತ್ತವನು ತಾನೇ. ಆಗ ಇದು ಪಕ್ಕದ ಜಮೀನಿನ ವಾಟಿ ಕಾರ್ಸನ್ನನ ಅಪ್ಪ ಕುರಿ ಮೇಯಿಸುತ್ತಿದ್ದ ಬೀಡು. ಮುದುಕ ಕಂಪನಿಗೆ ಮಾರಿದ, ಕಂಪನಿ ಇಪ್ಪತ್ತಾರು ವರ್ಷದ ನಿನಿಯನ್‌ನನ್ನು ನೇಗಿಲಿನ ಟ್ರಾಕ್ಟರ್ ಕೊಟ್ಟು ಕಳಿಸಿತು. ಕಪ್ಪು ಮಣ್ಣು ಅಂಗಾತ ಮಗುಚಿ ಬೀಳುವುದನ್ನು ಮುದುಕ ಗಡಿಯ ಕಲ್ಲುಗೋಡೆಗೆ ಒರಗಿ ದಿನವೆಲ್ಲ ನೋಡುತ್ತಿದ್ದ. ಮಗ ವಾಟಿ ನೋಡಲೂ ಬರಲಿಲ್ಲ. ಮಗಳು ಐಲ್ಸಾ ಮಾತ್ರ ಡಬ್ಬಿಯಲ್ಲಿ ಚಹಾ ತಂದಳು. 'ಕುಡೀರಿ, ವಿಷ ಹಾಕಿಲ್ಲ. ಹಾಕು ಅಂತ ಅಣ್ಣ ಹೇಳಿದ್ದ' ಎಂದು ನಕ್ಕಿದ್ದಳು. ಮರುವರ್ಷ ಮದುವೆ. ಗುಡ್ಡ ಕೊಂಡದ್ದಲ್ಲದೆ ಬಡ್ಡಿಗೆ ಮಗಳನ್ನೂ ಹೊತ್ತುಕೊಂಡು ಹೋದ ಎಂದು ಕಣಿವೆ ಆಡಿಕೊಂಡಿತು.

ಜೀಪು ತಿರುವಿನಲ್ಲಿ ಜಾರಿತು. ಕೆಳಗೆ ಕಡಿದು ಒಟ್ಟಿದ ದಿಮ್ಮಿಗಳ ರಾಶಿ, ರಾಳದ ವಾಸನೆ. ಇದು ತನ್ನದು ಎಂದು ಅವನು ಹೇಳಿಕೊಂಡ, ದಿನವೂ ಹೇಳಿಕೊಳ್ಳುವ ಹಾಗೆ. ಮೂವತ್ತು ವರ್ಷಕ್ಕೂ ಮೇಲೆ ಇದೇ ಮರಗಳನ್ನು ಇನ್ನೊಬ್ಬರಿಗಾಗಿ ಕಾದಿದ್ದ. ಜಿಂಕೆ ಓಡಿಸಿದ್ದ, ಚರಂಡಿ ತೋಡಿಸಿದ್ದ, ಎಳೆ ಗಿಡದ ತೊಗಟೆ ಕೊರೆಯುವ ಹುಳಕ್ಕೆ ಮದ್ದು ಹೊಡೆದಿದ್ದ. ಮಾಲೀಕರು ಲಂಡನ್ನಿನಲ್ಲಿ, ಎಡಿನ್‌ಬರೋದಲ್ಲಿ. ಒಂದಿಬ್ಬರು ಹೊಸ ಬೂಟು ಹಾಕಿಕೊಂಡು ಬಂದು, 'ಇವು ನಮ್ಮವಾ?' ಎಂದು ಕೇಳಿ, ಮಳೆ ಬಂತೆಂದು ಹೋದರು. ಕಂಪನಿ ಕಾಡನ್ನು ಮಾರಾಟಕ್ಕಿಟ್ಟಾಗ ತಾನೇ ಕೊಳ್ಳಬೇಕೆಂದು ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿಗೆ ಏನು ಹೆಸರು? ಆಸೆಯಂತೂ ಅಲ್ಲ. ನೆಟ್ಟವನು ನಾನು, ಕಡಿಯುವವನೂ ನಾನೇ ಆಗಬೇಕು ಎಂಬ ಹಟ. ಇಲ್ಲಿ ಮಾರಾಟವೆಂದರೆ ಮೊಹರು ಹಾಕಿದ ಲಕೋಟೆ. ಯಾರು ಎಷ್ಟು ಬೆಲೆ ಬರೆದರೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿರುವವನು ಮಾರಿಸುವ ಏಜೆಂಟ್ ಒಬ್ಬನೇ. ಏಜೆಂಟನ ಹೆಸರು ಪ್ರಿಂಗಲ್. ಮೃದುವಾದ ಕೈಯವನು. ಐಲ್ಸಾಳನ್ನು ಮಣ್ಣು ಮಾಡಿದ ದಿನ ಆ ಕೈಯಲ್ಲಿ ಹಗ್ಗ ಹೇಗೆ ಜಾರಿತ್ತು, ಎರಡನೆಯ ನಂಬರಿನ ಹಗ್ಗ, ಕಪ್ಪು ಗೊಂಡೆಯ ಹಗ್ಗ, ಒಂದು ಕ್ಷಣ ಪೆಟ್ಟಿಗೆ ಕಾಲಿನ ಕಡೆ ವಾಲಿ, ಐಲ್ಸಾ ಒಳಗೆ ಒಂದು ಕಡೆಗೆ ಸರಿದಳೇನೋ ಎಂದು ತನಗೆ ಅನ್ನಿಸಿ... ನಿನಿಯನ್ ಬ್ರೇಕ್ ಒತ್ತಿದ. ರಸ್ತೆಯಲ್ಲಿ ಏನೂ ಇರಲಿಲ್ಲ.

ಎಂಟು ಹಗ್ಗ. ಹೆಣದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವವರು ಗೋರಿ ತೋಡುವ ಆಳುಗಳಲ್ಲ, ಹತ್ತಿರದವರು. ತಲೆಯ ಕಡೆ ಒಂದನೆಯದು, ಕಾಲಿನ ಕಡೆ ಎರಡನೆಯದು, ಉಳಿದದ್ದು ಅಕ್ಕಪಕ್ಕ. ಯಾರಿಗೆ ಯಾವುದು ಎಂದು ಮನೆಯವನು ಹೇಳುತ್ತಾನೆ, ಶವಸಂಸ್ಕಾರದವನು ಸಣ್ಣ ಚೀಟಿಯಲ್ಲಿ ಬರೆದು ಮುಂಚೆಯೇ ಹಂಚುತ್ತಾನೆ. ನೆಂಟಸ್ತಿಕೆಯೆಲ್ಲ ಆ ಚೀಟಿಯಲ್ಲಿದೆ. ಹಗ್ಗ ಸಿಗದವನು ಆ ಮನೆಗೆ ಸತ್ತ ಹಾಗೆ. ಎರಡು ವರ್ಷದ ಹಿಂದೆ, ಐಲ್ಸಾ ಸತ್ತ ವಾರ, ನಿನಿಯನ್ ನಿದ್ದೆಗೆಟ್ಟಿದ್ದ ನಿಜ, ಲಕೋಟೆ ತೆರೆಯುವುದಕ್ಕೆ ನಾಲ್ಕಾರು ದಿನವಷ್ಟೇ ಉಳಿದಿತ್ತು ಅದೂ ನಿಜ. ಎರಡನೆಯದನ್ನು ಪ್ರಿಂಗಲ್‌ಗೆ ಬರೆಸಿದ. ಮೂರು, ನಾಲ್ಕು ಕಂಪನಿಯವರಿಗೆ. ಮಿಲ್ಲಿನ ಮಾಲೀಕನಿಗೊಂದು. ಎಂಟೂ ತುಂಬುವವರೆಗೆ ವಾಟಿ ನೆನಪಾಗಲಿಲ್ಲವೆಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಸುಳ್ಳು. ನೆನಪಾಗಿತ್ತು. ಅಣ್ಣನಲ್ಲವೇ, ಚೀಟಿಯಿಲ್ಲದೆಯೂ ಬಂದು ನಿಲ್ಲುತ್ತಾನೆ, ಕೋಪ ಮಾಡಿಕೊಂಡರೆ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದ. ವಾಟಿ ಬಂದ. ಕಪ್ಪು ಟೈ ಕಟ್ಟಿ, ಕೈಗವಸು ಬಿಚ್ಚಿ, ತನ್ನ ಚೀಟಿ ಎಲ್ಲೋ ತಪ್ಪಿಹೋಗಿರಬೇಕೆಂದು ನಂಬಿ, ಎರಡೂ ಕೈ ಸ್ವಲ್ಪ ಮುಂದೆ ಚಾಚಿ ನಿಂತ. ಒಂದೊಂದೇ ಹೆಸರು ಕರೆದರು. ಎಂಟೂ ಮುಗಿಯಿತು. ವಾಟಿ ತನ್ನ ಕೈಗಳನ್ನು ನೋಡಿಕೊಂಡು, ನಿಧಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡ. ಇಡೀ ಕಣಿವೆ ಅದನ್ನು ನೋಡಿತು. ಕಾಡು ನಿನಿಯನ್‌ಗೇ ಸಿಕ್ಕಿತು.

ಮರ ಕಡಿಯುವ ಯಂತ್ರದ ಸದ್ದು ಕೇಳಿಸಿತು. ಜೀಪು ಹತ್ತಿರ ಬರುವಷ್ಟರಲ್ಲಿ ಯಂತ್ರದ ಆಳು ಡೂಗಿ ಅದನ್ನು ನಿಲ್ಲಿಸಿ, ಗಾಜಿನ ಗೂಡಿನಿಂದ ಇಳಿದು, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ ದಢೂತಿ ಮನುಷ್ಯ, ಬೆರಳಿನಂಥ ಹಿಡಿಕೆಯನ್ನು ಆಡಿಸಿ ಉದ್ದೋ ಉದ್ದ ಮರವನ್ನು ಕಣ್ಣು ಮಿಟುಕಿಸುವುದರೊಳಗೆ ಕಡಿದು, ಕೊಂಬೆ ಸವರಿ, ತುಂಡರಿಸಿ ಮಲಗಿಸುವವನು.

"ಏನ್ ಹೇಳ್ತೀರಾ ಯಜಮಾನ್ರೇ? ನಡುವಿನ ದಾರಿಗೆ ನಿಲ್ಸ್ಲಾ, ಗೋಡೆವರೆಗೂ ಹೋಗ್ಲಾ?"

"ನಿನ್ನೆ ಏನ್ ಹೇಳಿದ್ದೆ?"

"ನಾಳೆ ಹೇಳ್ತೀನಿ ಅಂದಿದ್ರಿ. ಮೊನ್ನೇನೂ ಅದೇ ಅಂದಿದ್ರಿ." ಡೂಗಿ ಮುಚ್ಚಳದ ಚಹಾ ಚೆಲ್ಲಿದ. "ನೋಡಿ, ನಂಗೇನಿಲ್ಲ. ಟನ್ನಿನ ಮೇಲೆ ಕೂಲಿ ನಂದು. ಆದ್ರೆ ಗೋಡೆಯಾಚೆ ಆ ವಾಟಿ ಮುದುಕಂದು ಒಂದು ಹಿಡಿ ಮರ ಐತಲ್ಲ. ಇವು ಹೋದ್ರೆ ಅವು ನಿಲ್ಲೋವಲ್ಲ. ಶನಿವಾರದ ಗಾಳಿಗೆ ಬೆಂಕಿಕಡ್ಡಿ ಮುರಿದಂಗೆ."

ಅದನ್ನು ನಿನಿಯನ್‌ಗೆ ಹೇಳಿಕೊಡಬೇಕೇ! ಕಾಡಿನ ಅಂಚಿನಲ್ಲಿ ಬೆಳೆದ ಮರ ಹುಟ್ಟಿದಂದಿನಿಂದ ಗಾಳಿ ತಿಂದು, ಬುಡದವರೆಗೂ ಹಸಿರು ಕೊಂಬೆ ಹೊದ್ದು, ಬೇರು ಬಿಗಿದು ನಿಲ್ಲುತ್ತದೆ. ಒಳಗೆ ಬೆಳೆದದ್ದಕ್ಕೆ ಗಾಳಿಯೇ ಗೊತ್ತಿಲ್ಲ. ಕಂದು ಕಂಬದಂಥ ಮೈ, ತುದಿಯಲ್ಲಿ ಒಂದಿಷ್ಟು ಹಸಿರು, ಜೌಗಿನ ಮೇಲೆ ತಟ್ಟೆಯ ಹಾಗೆ ಹರಡಿದ ಬೇರು. ಅದು ಪಕ್ಕದ ಮರವನ್ನು ನಂಬಿ ನಿಂತಿರುತ್ತದೆ. ಅದಕ್ಕೇ ಒಂದೇ ವರ್ಷ ನೆಟ್ಟ ಎರಡು ಕಾಡು ಗೋಡೆಯಾಚೆ ಈಚೆ ಇದ್ದರೆ, ಕಡಿಯುವವನು ಪಕ್ಕದವನಿಗೆ ಒಂದು ವರ್ಷ ಮುಂಚೆ ಹೇಳಬೇಕು, ಇಬ್ಬರೂ ಒಟ್ಟಿಗೆ ಕಡಿಯಬೇಕು. ಇಲ್ಲವೆ ಅಗಲವಾದ ದಾರಿಯ ಹತ್ತಿರ ನಿಲ್ಲಿಸಬೇಕು, ಅಲ್ಲಿ ಎರಡು ಬದಿಯ ಮರಗಳೂ ಗಾಳಿ ಕಂಡಿರುತ್ತವೆ. ಕಾನೂನಿನಲ್ಲಿಲ್ಲ, ಆದರೆ ಯಾರೂ ಮೀರುವುದಿಲ್ಲ. ತಾನೂ ಮೀರುತ್ತಿರಲಿಲ್ಲ. ವಾಟಿ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. 'ನಿಲ್ಲಿಸೋ' ಎಂದು ಒಂದೇ ಒಂದು ಮಾತು. ಎರಡು ವರ್ಷದಿಂದ ಆ ಚಾಚಿದ ಕೈಗಳು ತನ್ನನ್ನು ಹಿಂಬಾಲಿಸುತ್ತಿವೆ. ಒಮ್ಮೆ ಅವು ತನ್ನ ಮುಂದೆ ಬೇಡುವುದಕ್ಕಾಗಿ ಚಾಚಲಿ, ತಾನು ಧಾರಾಳವಾಗಿ 'ಅಯ್ಯೋ ಅದಕ್ಕೇನು' ಎನ್ನಲಿ, ಲೆಕ್ಕ ಅಲ್ಲಿಗೆ ಚುಕ್ತಾ. ಬೇಸಿಗೆಯೆಲ್ಲ ಕಾದಿದ್ದ. ಯಂತ್ರ ಬಂತು, ಮರ ಬೀಳತೊಡಗಿತು, ಸದ್ದು ವಾಟಿಯ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಆ ಮನುಷ್ಯ ಬರಲಿಲ್ಲ. ಪೇಟೆಯಲ್ಲಿ ಎದುರಾದರೆ ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದ.

ಆ ಒಂದು ಹಿಡಿ ಮರವನ್ನು ನೆಟ್ಟದ್ದು ಮೂವರು. ಕಂಪನಿಯ ನಾಟಿಯಲ್ಲಿ ಉಳಿದ ಸಸಿಗಳ ಚೀಲಗಳನ್ನು, ಮದುವೆಗೆ ಮುಂಚಿನ ವಸಂತದಲ್ಲಿ, ನಿನಿಯನ್ನೇ ಗೋಡೆಯಾಚೆ ಎಸೆದಿದ್ದ. ಐಲ್ಸಾ ಗುದ್ದಲಿ ಹಾಕಿ ಮಣ್ಣಿನ ಬಾಯಿ ಬಿಡಿಸುವವಳು, ತಾನು ಸಸಿ ಇಡುವವನು, ವಾಟಿ ಬೈದುಕೊಳ್ಳುತ್ತ ಹಿಮ್ಮಡಿಯಲ್ಲಿ ತುಳಿದು ಮುಚ್ಚುವವನು. 'ಶತ್ರುವಿನ ಗಿಡ ನನ್ನ ಮಣ್ಣಲ್ಲಿ' ಎನ್ನುತ್ತಿದ್ದ. ತುಳಿಯುವುದನ್ನು ಮಾತ್ರ ಮೆತ್ತಗೆ ತುಳಿಯುತ್ತಿದ್ದ.

"ಗೋಡೆವರೆಗೂ," ಎಂದ ನಿನಿಯನ್.

ಡೂಗಿ ಅವನ ಮುಖವನ್ನೇ ನೋಡಿದ. "ಗೋಡೆವರೆಗೂ?"

"ಕಿವಿ ಕೇಳಲ್ವಾ ನಿಂಗೆ? ನನ್ನ ಮರ, ನನ್ನ ಗೋಡೆ."

"ಗೋಡೆಯಲ್ಲಿ ಅರ್ಧ ಅವಂದು," ಎಂದು ಗೊಣಗಿ ಡೂಗಿ ಮೇಲೆ ಹತ್ತಿದ.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಹೊತ್ತಿನ್ನೂ ಮಧ್ಯಾಹ್ನವೂ ಆಗಿಲ್ಲ. ದಾರಿಯ ಹತ್ತಿರದಿಂದ ಶುರುಮಾಡಿದರೆ ಗೋಡೆ ಮುಟ್ಟುವುದು ನಾಳೆಯೇ. ಅಂದರೆ ವಾಟಿಗೆ ಇನ್ನೂ ಒಂದು ದಿನವಿದೆ. ಕೇಳುವ ಅವಕಾಶವನ್ನು ತಾನೇ ಅವನ ಮನೆ ಬಾಗಿಲಿಗೆ ಒಯ್ದರೆ? ಈ ಯೋಚನೆ ಬಂದದ್ದೇ ನಿನಿಯನ್ ತನ್ನನ್ನು ಒಳ್ಳೆಯವನೆಂದುಕೊಂಡ. ಜೀಪನ್ನು ತಿರುಗಿಸಿ ಗುಡ್ಡ ಸುತ್ತಿ ಇಳಿಯುವಾಗ ಶಿಳ್ಳೆ ಕೂಡ ಹಾಕಿದ.

ವಾಟಿ ಬಾಗಿಲು ತೆರೆದವನು ಅಡ್ಡ ನಿಲ್ಲಲಿಲ್ಲ, ಬಾ ಎನ್ನಲೂ ಇಲ್ಲ. ಅಂಗಿಯ ಕೊರಳಪಟ್ಟಿಯೊಳಗೆ ಕುತ್ತಿಗೆ ಎರಡು ಸಲ ತಿರುಗುವಷ್ಟು ಸಡಿಲವಾಗಿತ್ತು. ಇಷ್ಟು ಯಾವಾಗ ಇಳಿದುಹೋದ? ಅವನ ಕುರಿನಾಯಿ ಮಾತ್ರ ಹಳೆಯ ಗುರುತು ಹಿಡಿದು ಬಾಲ ಆಡಿಸಿತು. ವಾಟಿ ಅದನ್ನು ಗದರಿದ.

"ಬೂಟು ಬಿಚ್ಬೇಡ ಭಾವಯ್ಯ. ನೆಲ ಏನೂ ಉಳಿದಿಲ್ಲ ಕೆಡೋಕೆ."

ಒಲೆಯ ಮೇಲೆ ಬೆಳಗಿನಿಂದ ಕುದ್ದು ಟಾರಿನಂತಾಗಿದ್ದ ಚಹಾವನ್ನು ಎರಡು ಬಟ್ಟಲಿಗೆ ಬಗ್ಗಿಸಿದ. ಬಿಸ್ಕತ್ತಿನ ಡಬ್ಬಿ ಮೇಜಿನ ಮೇಲೇ ಇತ್ತು, ಮುಚ್ಚಳ ತೆಗೆಯಲಿಲ್ಲ. ಗುಡ್ಡದ ಮೇಲಿನಿಂದ ಯಂತ್ರದ ಗರಗರ, ಆಮೇಲೆ ಒಂದು ಮರ ಬಿದ್ದ ಸದ್ದು, ಕಿಟಕಿಯ ಗಾಜು ಸಣ್ಣಗೆ ನಡುಗಿತು.

"ಶನಿವಾರ ಗಾಳಿಯಂತೆ," ಎಂದ ನಿನಿಯನ್.

"ಬರ್ಲಿ. ಗಾಳಿ ಬಂದಾಗ ತೂರ್ಕೊಳ್ಳೋದು ನಿನಗೆ ಕರತಲಾಮಲಕ."

"ನಾನು ಜಗಳಕ್ಕೆ ಬಂದಿಲ್ಲ ವಾಟಿ."

"ಮತ್ತೆ? ಚಹಾ ಚೆನ್ನಾಗಿರುತ್ತೆ ಅಂತ ಬಂದ್ಯಾ?"

ನಿನಿಯನ್ ಬಟ್ಟಲನ್ನು ತಿರುಗಿಸಿದ. ಇದು ಐಲ್ಸಾಳ ತವರಿನ ಬಟ್ಟಲು, ಹಿಡಿ ಮುರಿದದ್ದನ್ನು ಅಂಟಿಸಿದ್ದು. "ನನ್ನನ್ನ ಏನಾದ್ರೂ ಕೇಳೋದಿತ್ತಾ ನೀನು?"

ವಾಟಿ ತನ್ನ ಬಟ್ಟಲು ಕೆಳಗಿಟ್ಟ. "ಇತ್ತು," ಎಂದ. ನಿನಿಯನ್ ಮುಂದಕ್ಕೆ ಬಾಗಿದ. ಮಾತು ಬಾಯಿಗೆ ಬಂದೇ ಬಿಟ್ಟಿತ್ತು, ಅಯ್ಯೋ ಅದಕ್ಕೇನು, ಈಗಲೇ ನಿಲ್ಲಿಸ್ತೀನಿ.

"ಸಕ್ಕರೆ ಹಾಕ್ಲಾ?"

ಥೂ ಎನ್ನಿಸಿತು. ಎದ್ದು ಹೋಗಬೇಕೆಂದು ಕುರ್ಚಿ ಹಿಂದಕ್ಕೆ ತಳ್ಳಿದ. "ಕೂತ್ಕೋ," ಎಂದ ವಾಟಿ, ಜೋರಾಗಿ ಅಲ್ಲ. "ನೀನಾಗೇ ಬಂದಿದ್ದು ಒಳ್ಳೇದಾಯ್ತು, ನಿನ್ನ ಗೇಟಿಗೆ ಬರೋ ಅವಮಾನ ತಪ್ತು. ಡಾಕ್ಟರ ಹತ್ರ ಹೋಗಿದ್ದೆ. ಈ ಸಲ ಕ್ರಿಸ್ಮಸ್ ಉಡುಗೊರೆಗೆ ನಂಗೆ ಯಾರೂ ಕಾಲುಚೀಲ ಕೊಳ್ಳೋದು ಬೇಡವಂತೆ, ಹಾಕ್ಕೊಳ್ಳೋಕೆ ನಾನಿರಲ್ವಂತೆ."

"ವಾಟಿ..."

"ಮುಚ್ಚು. ಕನಿಕರ ಬೇಡ, ನಿಂಗೆ ಅದು ಒಗ್ಗಲ್ಲ. ಆಮೇಲೆ ಆ ಶವದ ಪೆಟ್ಟಿಗೆಯೋನ ಹತ್ರಾನೂ ಹೋಗಿ ಎಲ್ಲಾ ಹೇಳಿ ಬಂದೆ. ಖರ್ಚಿಗೆ ಗೋಡೆ ಪಕ್ಕದ ಮರ ಐತಲ್ಲ, ನನ್ನ ಪೆಟ್ಟಿಗೆ ಅಲ್ಲೇ ನಿಂತ್ಕೊಂಡು ಬೆಳೀತಾ ಐತೆ ಅಂದೆ. ನಕ್ಕ. ಅವ್ನು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು." ವಾಟಿ ಉಸಿರು ಎಳೆದುಕೊಂಡ. "ಎಂಟು ಹಗ್ಗ ಕಣಯ್ಯ. ಈ ಕಣಿವೇಲಿ ಎಂಟು ಜನ ಹುಡುಕೋದು ಸುಲಭ ಅಂದ್ಕೊಂಡ್ಯಾ? ಅರ್ಧ ಜನ ನನಗಿಂತ ಮುಂಚೆ ಹೋದ್ರು. ಕಾಲಿನ ಕಡೆ ನೆಟಾಗೆ ಕೊಟ್ಟೆ, ಈಗ ಹೆಂಗಸ್ರೂ ಹಿಡೀತಾರೆ. ತಲೆ ಕಡೆ ಒಂದನೇದು ನಿಂಗೆ."

ನಿನಿಯನ್‌ಗೆ ತಕ್ಷಣ ಅರ್ಥವಾಗಲಿಲ್ಲ. "ನಂಗಾ?"

"ಮತ್ಯಾರಿಗೆ? ಹತ್ತಿರದವನು ನೀನೇ ಉಳಿದಿರೋದು, ನನ್ನ ಗ್ರಹಚಾರ. ನಾಯಿಗೆ ಕೊಡೋಣ ಅಂದ್ರೆ ಅದಕ್ಕೆ ಕೈಯಿಲ್ಲ. ಪ್ರೀತಿಗೆ ಅಂತ ತಿಳ್ಕೋಬೇಡ. ಹಗ್ಗ ಪ್ರೀತಿಗೆ ಕೊಡೋದಲ್ಲ, ಕ್ರಮಕ್ಕೆ ಕೊಡೋದು. ನನ್ನ ತಂಗಿ ಗಂಡ ನೀನು, ಅಷ್ಟೇ. ನಿಂಗೆ ಗೊತ್ತಿರ್ಲಿಲ್ಲ, ತೋರಿಸ್ಕೊಡೋಣ ಅಂತ." ಬಿಸ್ಕತ್ತಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದ. "ತಗೋ. ಮೆತ್ತಗಾಗಿದೆ."

ಹೊರಗೆ ಇನ್ನೊಂದು ಮರ ಬಿತ್ತು. ಕಿಟಕಿಯ ಗಾಜು ಈ ಸಲ ಗಟ್ಟಿಯಾಗಿ ನಡುಗಿತು. ಗಟ್ಟಿಯಾಗಿ ಏಕೆ? ದಾರಿ ದೂರದಲ್ಲಿದೆ, ಅಲ್ಲಿ ಬಿದ್ದದ್ದಕ್ಕೆ ಗಾಜು ಇಷ್ಟು ನಡುಗಬಾರದು. ನಿನಿಯನ್ ಎದ್ದ. ಏನು ಹೇಳಿ ಎದ್ದನೋ ಗೊತ್ತಿಲ್ಲ, ಬಟ್ಟಲು ಉರುಳಿತು, ಬಾಗಿಲು ಹಾಕದೆ ಓಡಿದ. ಫೋನ್ ತೆಗೆದು ನೋಡಿದ, ಈ ಹಾಳು ಕಣಿವೆಯಲ್ಲಿ ಅದು ಎಂದೂ ಕೆಲಸ ಮಾಡಿದ್ದಿಲ್ಲ. ಜೀಪಿನಲ್ಲಿ ಹೋದರೆ ಗುಡ್ಡ ಸುತ್ತಬೇಕು. ಹಿತ್ತಿಲ ಬೇಲಿ ಹಾರಿ ನೇರ ಮೇಲಕ್ಕೆ ಹತ್ತಿದ. ಅರವತ್ತು ದಾಟಿದ ಮೊಣಕಾಲು ಜೌಗಿನಲ್ಲಿ ಹೂತು ಹೂತು ಎದ್ದಿತು. ಸಾಯುವವನು ತನ್ನನ್ನು ಬೇಡಲಿಲ್ಲ, ಶಪಿಸಲಿಲ್ಲ, ತಲೆಯ ಕಡೆ ನಿಲ್ಲಿಸಿದ. ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ! ಸೇಡೇ ಇರಬೇಕು. ಸೇಡಲ್ಲ. ಅಲ್ಲವೆಂಬುದೇ ಸುಡುತ್ತಿತ್ತು. ಓಡುತ್ತ ಅವನಿಗೆ ಅಳು ಬಂತು, ಅಳುತ್ತಿರುವುದಕ್ಕೆ ಸಿಟ್ಟೂ ಬಂತು.

ವಾಟಿಯ ಮರಗಳೊಳಗೆ ನುಗ್ಗಿದವನು ನಿಂತುಬಿಟ್ಟ. ಇಲ್ಲಿ ಬೆಳಕಿರಬಾರದಿತ್ತು. ಗೋಡೆಯ ಕಡೆಯಿಂದ, ಈ ಮರಗಳು ಹುಟ್ಟಿದ ಮೇಲೆ ಕಂಡರಿಯದ ಬೆಳಕು ಅಡ್ಡಡ್ಡ ಬಂದು ಬೋಳು ಕಂಬಗಳ ಮೇಲೆ ಬಿದ್ದಿತ್ತು. ಗೋಡೆಯಾಚೆ, ಉದ್ದಕ್ಕೂ, ಬರೀ ಬಾನು. ಡೂಗಿ ಯಂತ್ರ ನಿಲ್ಲಿಸಿ ಇಣುಕಿದ.

"ಏನ್ ಯಜಮಾನ್ರೇ? ಗೋಡೆಯಿಂದ್ಲೇ ಶುರು ಹಚ್ಕೊಂಡೆ. ಅಂಚಿನದೇ ತಾಪತ್ರಯದ ಕೆಲ್ಸ, ಗಾಳಿಗೆ ಮುಂಚೆ ಮುಗೀಲಿ ಅಂತ. ಗೋಡೆವರೆಗೂ ಅಂದ್ರಲ್ಲ."

"ಅಂದೆ," ಎಂದ ನಿನಿಯನ್.

ಶನಿವಾರದ ಗಾಳಿಯಲ್ಲ, ದಿನನಿತ್ಯದ ಒಂದು ಎಳೆ ಗಾಳಿ ಬಂತು. ತೆರೆದ ಅಂಚಿನ ಮರಗಳು ತುದಿಯಲ್ಲಿ ಓಲಾಡಿದವು. ಬುಡದ ಪಾಚಿ ಬೇರಿನ ಸಮೇತ ಮೆಲ್ಲಗೆ ಎದ್ದು ಮೆಲ್ಲಗೆ ಕೂತಿತು, ಅದರಡಿ ನೀರು ಪಿಚಕ್ಕೆಂದಿತು. ಹಿಂದೆ ನಾಯಿ ಬಂತು, ಅದರ ಹಿಂದೆ ಬಹಳ ಹೊತ್ತಿನ ಮೇಲೆ ವಾಟಿ ಬಂದ, ಒಂದೊಂದು ಮರಕ್ಕೂ ಕೈ ಕೊಟ್ಟು ಸುಧಾರಿಸಿಕೊಳ್ಳುತ್ತ. ಬೆಳಕನ್ನು ನೋಡಿದ. ಕೈ ಕೊಟ್ಟ ಮರವೂ ಅಲುಗಿದ್ದನ್ನು ಗಮನಿಸಿ ಕೈ ತೆಗೆದ.

"ನಿನ್ನವೂ ಕಡಿಸ್ತೀನಿ," ಎಂದ ನಿನಿಯನ್. "ಶನಿವಾರದೊಳಗೆ. ಡೂಗಿಗೆ ಹೇಳ್ತೀನಿ, ಕೂಲಿ ನಂದು, ಮರ ಪೂರ್ತಿ ನಿಂದು."

"ಕಡಿಯೋಕೆ ಪರವಾನಗಿ ನಿಮ್ಮಪ್ಪ ಕೊಡ್ತಾನಾ? ತಿಂಗಳುಗಟ್ಲೆ ಹಿಡಿಯುತ್ತೆ. ನೀನೇ ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ದು." ವಾಟಿಯ ದನಿಯಲ್ಲಿ ಕೋಪವಿರಲಿಲ್ಲ, ಕೋಪಕ್ಕೆ ಬೇಕಾದಷ್ಟು ಉಸಿರೂ ಇರಲಿಲ್ಲ. "ಅವ್ಳು ಅಗೆದ ಗುಂಡಿ ಇವು. ನಿಂಗೆ ಅದು ನೆನಪಿತ್ತಾ?"

"ನೆನಪಿತ್ತು."

"ಅದೂ ಒಳ್ಳೇದೇ."

"ನನ್ನ ಹೆಸರು ತೆಗೆದುಹಾಕು ವಾಟಿ. ಇವತ್ತೇ ಹೋಗಿ ಹೇಳು. ಬೇರೆ ಯಾರಿಗಾದ್ರೂ ಕೊಡು."

"ಇಲ್ಲ," ಎಂದ ವಾಟಿ. "ಒಂದನೇದು ನಿಂದೇ. ತಲೆ ಭಾರ ಬರೋದು ಅದಕ್ಕೇ. ನೀನು ಹಿಡ್ಕೊಂಡು ನಿಂತಿರ್ಬೇಕು, ಊರೆಲ್ಲ ನೋಡ್ಬೇಕು. ಜಾರಿಸ್ಬೇಡ ಅಷ್ಟೇ." ನಾಯಿಯನ್ನು ಕರೆದುಕೊಂಡು, ಯಾವ ಮರವನ್ನೂ ಮುಟ್ಟದೆ, ಇಳಿದು ಹೋದ.

ನಿನಿಯನ್‌ನ ಕೈಗಳು ತಮ್ಮಷ್ಟಕ್ಕೆ ಕೋಟಿನ ಜೇಬು ಹುಡುಕಿದವು. ಐಲ್ಸಾಳ ಗುಂಡಿಯ ಬಳಿ ಹಾಗೆ ಜೇಬಿಗೆ ಹೋದ ಕೈಗಳು ಯಾರವೆಂದು ನೆನಪಾದದ್ದೇ ಹೊರಗೆ ತೆಗೆದ. ಅವನ್ನು ಎಲ್ಲಿಡಬೇಕೋ ತೋಚಲಿಲ್ಲ. ಡೂಗಿ ಎಂಜಿನ್ ಶುರುಮಾಡಲೋ ಬೇಡವೋ ಎಂದು ಕೂಗಿ ಕೇಳುತ್ತಿದ್ದ. ಮತ್ತೊಂದು ಎಳೆ ಗಾಳಿ ಬಂತು, ಅಂಚಿನ ಮೊದಲ ಮರದ ಬುಡ ಬೂಟಿನಡಿಯಲ್ಲಿ ಎದ್ದಿತು. ನಿನಿಯನ್ ಎರಡೂ ಕಾಲನ್ನು ಅದರ ಬೇರಿನ ಮೇಲೆ ಊರಿ, ಹಿಮ್ಮಡಿಯನ್ನು ಮೆತ್ತಗೆ ಒತ್ತಿ ನಿಂತ. ತನ್ನ ಭಾರಕ್ಕೆ ಅದು ನಿಲ್ಲುವುದಿಲ್ಲವೆಂದು ಅವನಷ್ಟು ಚೆನ್ನಾಗಿ ತಿಳಿದವರು ಆ ಕಣಿವೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಇಳಿಯಲಿಲ್ಲ.